ಹಠಮಾರಿಗೆ ಉಣಿಸಿದ ಕೈ

“ಅದನ್ನ ಮುಟ್ಬೇಡಿ,” ಎಂದರು ದೊಡ್ಡ ಡಾಕ್ಟರು.

ಅಷ್ಟರಲ್ಲಿ ನಿಧಾನಯ್ಯ ಮುಟ್ಟಿಯಾಗಿತ್ತು. ಎಲ್ಲದಕ್ಕೂ ನಿಧಾನ ಎಂದು ಪೊಲೀಸ್ ಇಲಾಖೆಯವರು ಅವನಿಗೆ ಆ ಹೆಸರಿಟ್ಟಿದ್ದರು. ನಿವೃತ್ತಿಯಾದರೂ ಹೆಸರು ಮಾತ್ರ ಬಿಟ್ಟುಹೋಗಿರಲಿಲ್ಲ. ಆದರೆ ಮುಟ್ಟಬಾರದ್ದನ್ನು ಮುಟ್ಟುವ ವಿಷಯದಲ್ಲಿ ಅವನ ಕೈ ಬಲು ಚುರುಕು.

“ಬರೀ ಗಾಜು ಮುಟ್ಟಿದೆ ಡಾಕ್ಟ್ರೇ. ಬೆಚ್ಚಗಿದೆ.”

“ಇರ್ಲೇಬೇಕು. ಕೋಶಗಳಿಗೆ ನಾವಿನ್ನೂ ಮನುಷ್ಯನ ಮೈಯೊಳಗೇ ಇದೀವಿ ಅನ್ನಿಸ್ಬೇಕಲ್ಲ.”

ಗಾಜಿನ ಬಾಗಿಲ ಹಿಂದೆ, ಪೆಟ್ಟಿಗೆಯ ಅಂತಸ್ತುಗಳಲ್ಲಿ ಚಪ್ಪಟೆ ತಟ್ಟೆಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಒಬ್ಬೊಬ್ಬ ರೋಗಿಯ ಗಡ್ಡೆಯಿಂದ ತೆಗೆದ ಕ್ಯಾನ್ಸರ್ ಕೋಶಗಳು. ಕೆಳಗಿನ ಅಂತಸ್ತಿನ ಮೂಲೆಯ ತಟ್ಟೆಯ ಮೇಲೆ ಯಾರೋ ತಮಾಷೆಗೆ ‘ಹಠಮಾರಿ’ ಎಂದು ಬರೆದಿದ್ದರು. ಯಾರೋ ಒಬ್ಬ ಹುಡುಗನ ಗಡ್ಡೆ ಅದು. ಹುಡುಗ ತೀರಿಕೊಂಡಿದ್ದ. ಗಡ್ಡೆಯ ಚೂರು ಮಾತ್ರ ಸಾಯಲು ಒಪ್ಪದೆ ತಟ್ಟೆಯಲ್ಲಿ ಬೆಳೆಯುತ್ತಲೇ ಇತ್ತು. ಹೆಪ್ಪುಗಟ್ಟಿಸಿ ಇಟ್ಟರೆ ಮತ್ತೆ ಏಳುತ್ತಿರಲಿಲ್ಲ. ಹೀಗಾಗಿ ಈ ಒಂದು ತಟ್ಟೆ ಬಿಟ್ಟರೆ ಅದಕ್ಕೆ ಬೇರೆ ಮನೆಯೇ ಇರಲಿಲ್ಲ.

ಹಠಮಾರಿ ಮುಳುಗಿದ್ದ ದ್ರವವನ್ನು ಸೋಸಿ ಫ್ರೀಜರಿನಲ್ಲಿಟ್ಟಿದ್ದ ಟ್ಯೂಬುಗಳೇ ರಜೆಯ ದಿನಗಳಲ್ಲಿ ಖಾಲಿಯಾಗಿ ಸಿಂಕಿಗೆ ಬಿದ್ದಿದ್ದವು. ಪೊಲೀಸು, ಪತ್ರಿಕೆ ಯಾವುದೂ ಬೇಡವೆಂದು ಡಾಕ್ಟರು ಪತ್ತೆಯ ಕೆಲಸವನ್ನು ನಿಧಾನಯ್ಯನಿಗೆ ಒಪ್ಪಿಸಿದ್ದರು. ಹೇಗಿದ್ದರೂ ಅವನು ಅಕ್ಕನ ಮಂಚದ ಪಕ್ಕ ದಿನವಿಡೀ ಇದೇ ಆಸ್ಪತ್ರೆಯಲ್ಲಿ ಕೂತಿರುತ್ತಿದ್ದ.

“ಯಾರು ಅಂತ ಗೊತ್ತೇ ಇದೆಯಲ್ಲ,” ಎಂದರು ಡಾಕ್ಟರು. “ಆ ಹೊಸ ಸಂಶೋಧಕಿ. ಅವಳು ಮೊದಲಿದ್ದ ಕಡೆ ಕೋಶ ಇಟ್ಕೊಂಡು ದ್ರವ ಚೆಲ್ತಾರೆ. ಅವರಿಗದು ಕಸ. ನಮಗೆ ಕೋಶಕ್ಕಿಂತ ದ್ರವಾನೇ ಮುಖ್ಯ. ಅಭ್ಯಾಸಬಲ, ಚೆಲ್ಬಿಟ್ಟಿದಾಳೆ. ಈಗ ಒಪ್ಕೊಳ್ಳೋಕೆ ಹೆದರ್ತಿದಾಳೆ.”

“ಅಭ್ಯಾಸದಿಂದ ಚೆಲ್ಲೋರು ಕೆಲಸದ ನಡುವೆ ಯಾವ್ದೋ ಒಂದು ಟ್ಯೂಬು ಚೆಲ್ತಾರೆ ಡಾಕ್ಟ್ರೇ. ರಜೇಲಿ ಬಂದು, ಫ್ರೀಜರ್ ತೆಗೆದು, ಒಂದೊಂದನ್ನೇ ಕರಗಿಸ್ಕೊಂಡು ಕೂತು ಚೆಲ್ಲಲ್ಲ.”

ನಿಧಾನಯ್ಯ ಜೇಬಿನಿಂದ ಫೋನ್ ತೆಗೆದ. ರಜೆ ಮುಗಿದು ಬಾಗಿಲು ತೆರೆದ ಬೆಳಿಗ್ಗೆ, ಯಾರೂ ಏನನ್ನೂ ಎತ್ತಿಡುವ ಮೊದಲೇ, ಅವನು ಇಲ್ಲಿನ ಒಂದೊಂದು ಮೂಲೆಯ ಫೋಟೋ ಹಿಡಿದಿದ್ದ. ಈ ಪೆಟ್ಟಿಗೆಯದೂ ಇತ್ತು.

“ತಟ್ಟೆಗಳ ಬಣ್ಣ ಯಾಕೆ ಹೀಗಿದೆ?”

“ಊಟದ ಬಣ್ಣ ಅದು. ಪೋಷಕ ದ್ರವ ಹೊಸದಾಗಿ ಹಾಕಿದಾಗ ಗುಲಾಬಿ ಬಣ್ಣ ಇರುತ್ತೆ. ಕೋಶಗಳು ತಿಂದು ಹುಳಿ ಬಿಟ್ಟ ಹಾಗೆ ಹಳದಿ ಆಗುತ್ತೆ. ರಜೇಲಿ ಯಾರೂ ಊಟ ಹಾಕಿಲ್ಲ, ಎಲ್ಲಾ ಹಳದಿ ಆಗಿದೆ.”

“ಎಲ್ಲಾ ಆಗಿಲ್ಲ.”

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಫೋನಿನ ಮೇಲೆ ಬಗ್ಗಿದರು. ಹಳದಿ ತಟ್ಟೆಗಳ ಸಾಲಿನ ಕೊನೆಯಲ್ಲಿ ಹಠಮಾರಿಯೊಂದೇ ಗುಲಾಬಿ ಗುಲಾಬಿಯಾಗಿ ನಗುತ್ತಿತ್ತು. ಕಳ್ಳ ಬಂದು ಮನೆಯೆಲ್ಲ ದೋಚಿ, ಹೋಗುವಾಗ ತೊಟ್ಟಿಲಿನ ಕೂಸಿಗೆ ಹಾಲು ಕುಡಿಸಿ ಹೋಗಿದ್ದ. ಪೊಲೀಸು ಕೆಲಸದಲ್ಲಿ ತಲೆ ನರೆಸಿಕೊಂಡ ನಿಧಾನಯ್ಯ ಇಂಥ ಕಳ್ಳನನ್ನು ಕಂಡಿರಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು.

“ಇದನ್ನ ಬೇರೆ ಯಾರಿಗಾದ್ರೂ ತೋರ್ಸಿದೀರಾ?”

“ಇಲ್ಲ. ನಿಮಗೇ ಮೊದಲು.”

“ಒಳ್ಳೇದು. ಸದ್ಯಕ್ಕೆ ಯಾರಿಗೂ ತೋರಿಸ್ಬೇಡಿ.”

ನಿಧಾನಯ್ಯ ತಲೆಯಾಡಿಸಿದ. ಅವನ ಮನಸ್ಸು ಆಗಲೇ ಬೇರೆ ಕಡೆ ಓಡಿತ್ತು. ಬೆಳಗಿನಿಂದ ನಾಲಗೆಯ ತುದಿಯಲ್ಲಿದ್ದ ಮಾತು ಈಗ ಹೊರಬಂತು.

“ದ್ರವಾನೇ ಇಲ್ಲ ಅಂದ್ಮೇಲೆ, ಅಕ್ಕನ ಇಂಜೆಕ್ಷನ್ನು?”

ಆ ಇಂಜೆಕ್ಷನ್ನಿನ ಕತೆಯನ್ನು ಡಾಕ್ಟರು ಅವನಿಗೆ ಹಿಂದೊಮ್ಮೆ ತಾಳ್ಮೆಯಿಂದ ಹೇಳಿದ್ದರು. ಕ್ಯಾನ್ಸರ್ ಕೋಶ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಪ್ರೋಟೀನುಗಳನ್ನು ಸ್ರವಿಸಿ ಹೊರಗೆ ಬಿಡುತ್ತಲೇ ಇರುತ್ತದೆ. ಅದೇ ಅದರ ಮಾತು. ಕೆಲವು ಪ್ರೋಟೀನುಗಳು ಮೈಯ ಕಾವಲು ಕಣಗಳನ್ನು ‘ಬನ್ನಿ’ ಎಂದು ಕೂಗಿ ಕರೆಯುತ್ತವೆ. ಇನ್ನು ಕೆಲವು ‘ಇಲ್ಲೇನಿಲ್ಲ, ಹೋಗಿ ಮಲಗಿ’ ಎಂದು ಪುಸಲಾಯಿಸಿ ಕಳಿಸುತ್ತವೆ. ಅಕ್ಕನ ಗಡ್ಡೆ ಎರಡನೆಯ ಜಾತಿಯದು. ಕಾವಲು ಕಣಗಳು ಹೊಸಿಲ ತನಕ ಬಂದು ನಿಂತಿದ್ದವು, ಒಳಗೆ ಕಾಲಿಡುತ್ತಿರಲಿಲ್ಲ. ಹಠಮಾರಿಯ ದ್ರವ ಮಾತ್ರ ಪರೀಕ್ಷೆ ಮಾಡಿದಾಗಲೆಲ್ಲ ಆ ಕಣಗಳನ್ನು ಓಡೋಡಿ ಬರುವಂತೆ ಮಾಡಿತ್ತು. ಅದರಲ್ಲಿದ್ದ ಪ್ರೋಟೀನನ್ನು ಬೇರ್ಪಡಿಸಿ ತಯಾರಿಸಿದ್ದೇ ಈ ಇಂಜೆಕ್ಷನ್. ಅದನ್ನು ಪಡೆಯುವ ಮೊದಲ ರೋಗಿ ಅವನ ಅಕ್ಕ.

“ನಿಯಮದ ಪ್ರಕಾರ ಕೊಡೋ ಮುಂಚೆ ಮೂಲ ದ್ರವದ ಜೊತೆ ಇಟ್ಟು ಇನ್ನೊಂದ್ಸಲ ಹೋಲಿಸ್ಬೇಕು,” ಎಂದರು ಡಾಕ್ಟರು. “ಈಗ ದ್ರವ ಇಲ್ಲ. ಅಂತ ಕೈಕಟ್ಟಿ ಕೂರೋಕಾಗುತ್ತಾ? ನಿಮ್ಮ ಅಕ್ಕನಿಗೆ ಕಾಯೋ ಶಕ್ತಿ ಇಲ್ಲ. ನಾಳೆ ಬೆಳಿಗ್ಗೆ ಕೊಟ್ಬಿಡ್ತೀನಿ. ಜವಾಬ್ದಾರಿ ನಂದು. ನೀವೊಂದು ಸಹಿ ಹಾಕಿ ಸಾಕು.”

ನಿಧಾನಯ್ಯ ಹಾಕಿದ. ಜೀವನದಲ್ಲಿ ಇಷ್ಟು ಬೇಗ ಅವನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ.

*

“ಏನೋ, ಕಳ್ಳ ಸಿಕ್ನಾ?” ಎಂದಳು ಅಕ್ಕ.

ಮಂಚದ ಮೇಲೆ ಅವಳು ಹಾಸಿಗೆಗೆ ಭಾರವೇ ಅಲ್ಲವೆಂಬಂತೆ ಮಲಗಿದ್ದಳು. ತಾಯಿ ಹೋದ ಮೇಲೆ ಇವನ ಕಿವಿ ಹಿಂಡಿ, ಮೂಗು ಒರೆಸಿ, ಮನುಷ್ಯನನ್ನಾಗಿ ಮಾಡಿದವಳು ಅವಳೇ. ಮೈಯೆಲ್ಲ ಕರಗಿದ್ದರೂ ನಾಲಗೆಯ ಹರಿತ ಕರಗಿರಲಿಲ್ಲ.

“ಸಿಗ್ತಾನೆ ಬಿಡು. ನಿಧಾನವೇ ಪ್ರಧಾನ.”

“ಹೂಂ. ನನ್ನ ಮೈಯೊಳಗಿನ ಕಾವಲುಗಾರರೂ ನಿನ್ನ ಹಾಗೇ ಕಣೋ. ಕಳ್ಳ ಕಣ್ಮುಂದೇನೇ ಇದಾನೆ, ಹಿಡಿಯಕ್ಕೆ ಯೋಚ್ನೆ ಮಾಡ್ತಾ ನಿಂತಿದಾರೆ.”

ಅವನು ನಕ್ಕ. ಮುಖ ತಗ್ಗಿಸಿ ಅವಳ ಹೊದಿಕೆಯ ಅಂಚನ್ನು ಸರಿಮಾಡುತ್ತ ಕೂತ. ನಾಳೆ ಬೆಳಿಗ್ಗೆ ಇಂಜೆಕ್ಷನ್ ಎಂದು ಹೇಳಿದಾಗ ಅಕ್ಕ ಹಿಗ್ಗಲಿಲ್ಲ, ಹೆದರಲೂ ಇಲ್ಲ. ತಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

“ನಿಂಗೆ ನಂಬಿಕೆ ಇದೆಯಾ?”

“ಇದೆ ಅಕ್ಕ.”

“ಹಾಗಾದ್ರೆ ನಂಗೂ ಇದೆ. ನಾನು ಇಂಥದ್ದೆಲ್ಲ ಓದ್ಕೊಂಡಿಲ್ಲ. ನೀನು ಹತ್ತು ಸಲ ನೋಡ್ದೆ ಒಂದು ಬದನೆಕಾಯೀನೂ ಕೊಳ್ಳೋನಲ್ಲ, ಅಷ್ಟು ಗೊತ್ತು.”

ಮಾತು ಅಲ್ಲಿಂದ ಇಲ್ಲಿಗೆ ಹರಿಯಿತು. ರಜೆಯಲ್ಲಿ ವಾರ್ಡು ಖಾಲಿ ಹೊಡೆಯುತ್ತಿತ್ತಂತೆ. ನಿಧಾನಯ್ಯ ಮನೆಗೆ ಹೋಗಿ ಬಟ್ಟೆ ತರುವಷ್ಟರಲ್ಲಿ ಅಕ್ಕನಿಗೆ ಬೇಸರ ಬಂದು ಗೋಡೆಯ ಜೊತೆ ಮಾತಾಡುವ ಹಾಗಾಗಿತ್ತಂತೆ.

“ಪುಣ್ಯಕ್ಕೆ ಆ ಅತ್ತೆಮ್ಮ ಬಂದ್ಲು,” ಎಂದಳು ಅಕ್ಕ.

“ಯಾವ ಅತ್ತೆಮ್ಮ?”

“ಅದೇ ಕಣೋ, ನಿಮ್ಮ ದೊಡ್ಡ ಡಾಕ್ಟ್ರ ಪ್ರಯೋಗಾಲಯದೋಳು. ಹುಡುಗರೆಲ್ಲ ಹಾಗೇ ಕರೀತಾರಂತೆ. ಬಂದು ಇಲ್ಲೇ ಕೂತ್ಲು. ಏನೋ ಹೇಳಕ್ಕೆ ಬಂದೋರ ಹಾಗೆ ಬಾಯಿ ತೆಗೀತಾಳೆ, ಮುಚ್ತಾಳೆ. ಕೋಟಿನೊಳಗೆ ಒಂದು ಬಾಟ್ಲಿ ಇಟ್ಕೊಂಡು ಹೊಟ್ಟೆಗೆ ಒತ್ಕೊಂಡಿದ್ಲು. ಏನಮ್ಮಾ, ಕೂಸಿಗೆ ಹಾಲು ಬೆಚ್ಚಗೆ ಮಾಡ್ತಿದೀಯಾ ಅಂತ ತಮಾಷೆ ಮಾಡ್ದೆ. ಅತ್ತುಬಿಟ್ಲು ಪಾಪ. ಯಾಕೋ ಏನೋ.”

ನಿಧಾನಯ್ಯ ಹೊದಿಕೆಯ ಅಂಚನ್ನು ಕೈಬಿಟ್ಟ.

ಹೊರಗಿನ ಓಣಿಗೆ ಬಂದು, ಅನುಮಾನದ ಮೇಲೆ ಮನೆಗೆ ಕಳಿಸಲ್ಪಟ್ಟಿದ್ದ ಹೊಸ ಸಂಶೋಧಕಿಗೆ ಫೋನ್ ಮಾಡಿದ. ಅವಳು ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದಳು. ಅವನು ಕೇಳಿದ್ದು ಒಂದೇ ಪ್ರಶ್ನೆ: ಪೋಷಕ ದ್ರವವನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ತಟ್ಟೆಗೆ ಹಾಕಬಹುದೇ?

“ಅಯ್ಯೋ ಇಲ್ಲ ಸಾರ್. ತಣ್ಣಗೆ ಹಾಕಿದ್ರೆ ಕೋಶಗಳು ಮುದುಡಿ ತಟ್ಟೆಯ ತಳ ಬಿಟ್ಟು ಮೇಲೆದ್ದುಬಿಡ್ತವೆ. ಬಿಸಿನೀರಿನ ತೊಟ್ಟೀಲಿ ಬಾಟ್ಲಿ ಇಟ್ಟು ಬೆಚ್ಚಗೆ ಮಾಡ್ಬೇಕು. ಆದ್ರೆ ರಜೇಲಿ ತೊಟ್ಟಿ ಆಫ್ ಮಾಡಿ ಒಣಗಿಸಿದ್ರು. ನಾನೇ ಒರೆಸಿ ಬಂದಿದ್ದೆ.”

“ತೊಟ್ಟಿ ಇಲ್ದೇ ಬೇರೆ ಹೇಗಾದ್ರೂ ಬೆಚ್ಚಗೆ ಮಾಡೋರು ಯಾರಾದ್ರೂ ಇದಾರಾ?”

ಆ ಕಡೆ ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು.

“ಅತ್ತೆಮ್ಮ ಒಬ್ರೇ. ಯಂತ್ರದ ಬಿಸಿ ಕೋಶಕ್ಕೆ ಹಿಡಿಸಲ್ಲ ಅಂತ ಕೋಟಿನೊಳಗೆ ಇಟ್ಕೊಳ್ತಾರೆ. ನಾವೆಲ್ಲ ನಗ್ತಿದ್ವಿ.”

*

ಬಳಸಿದ ಗಾಜಿನ ಸಾಮಾನುಗಳನ್ನು ಉಗಿಯಲ್ಲಿ ಬೇಯಿಸುವ ಕೋಣೆಯಲ್ಲಿ ಅತ್ತೆಮ್ಮ ಒಬ್ಬಳೇ ಇದ್ದಳು. ಪ್ರಯೋಗಾಲಯದಲ್ಲಿ ದೊಡ್ಡ ಡಾಕ್ಟರು ಬಿಟ್ಟರೆ ಆಕೆಯದೇ ದರ್ಬಾರು. ಕಲಿಕೆಯಲ್ಲಿ ಆಕೆ ಅವರಿಗಿಂತ ಏನೂ ಕಡಿಮೆಯಿಲ್ಲ, ಬೈಗುಳದಲ್ಲಿ ಒಂದು ಕೈ ಮೇಲೆ. ತಟ್ಟೆ ಮುಟ್ಟುವ ಮೊದಲು ಕೈ ತೊಳೆಯಲಿಲ್ಲವೆಂದು ಡಾಕ್ಟರಿಗೇ ಗದರಿದ್ದ ಹೆಂಗಸು.

“ಹೊರಗೆ ನಿಂತ್ಕೊಳ್ಳಿ. ಇಲ್ಲಿ ಬಿಸಿ ಇದೆ,” ಎಂದಳು, ತಿರುಗಿ ನೋಡದೆ.

“ಬಿಸಿ ವಿಷಯಾನೇ ಕೇಳಕ್ಕೆ ಬಂದೆ ಮೇಡಂ. ರಜೇಲಿ ನೀರಿನ ತೊಟ್ಟಿ ಒಣಗಿತ್ತಂತೆ. ಹಠಮಾರಿಯ ಬಾಟ್ಲಿ ಎಲ್ಲಿ ಬೆಚ್ಚಗೆ ಮಾಡಿದ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆಮ್ಮ ಮುಟ್ಟಿಕೊಂಡದ್ದು ಹೊಟ್ಟೆಯನ್ನು.

ಅವನು ಮತ್ತೇನೂ ಕೇಳಲಿಲ್ಲ. ಬಾಗಿಲಿಗೆ ಒರಗಿ ನಿಂತ. ಕಾಯುವುದರಲ್ಲಿ ಅವನನ್ನು ಮೀರಿಸಿದವರು ಇಲಾಖೆಯಲ್ಲಿ ಯಾರೂ ಇರಲಿಲ್ಲ. ಉಗಿಯ ಯಂತ್ರ ಬುಸ್ಸೆಂದು ಉಸಿರು ಬಿಟ್ಟಿತು. ಆಕೆ ಒಂದೊಂದೇ ಬೆರಳಿನಿಂದ ಎಳೆದು ಕೈಗವಸು ಕಳಚಿದಳು.

“ಅವನು ನನ್ನ ಮಗ,” ಎಂದಳು.

“ಯಾರು?”

“ಹಠಮಾರಿ.”

ಆಪರೇಷನ್ ಕೋಣೆಯಿಂದ ಆ ಗಡ್ಡೆಯ ಚೂರು ಬಂದ ದಿನ ಅದನ್ನು ಕೈಯೊಡ್ಡಿ ಪಡೆದವಳು ಅವಳೇ. ಡಬ್ಬಿಯ ಮೇಲೆ ಹೆಸರಿರಲಿಲ್ಲ, ಬರಿಯ ನಂಬರು. ಆದರೆ ಆ ಹೊತ್ತಿನಲ್ಲಿ ಆ ಕೋಣೆಯೊಳಗೆ ಮಲಗಿದ್ದವನು ಯಾರೆಂದು ಹೆತ್ತವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಯಿ ಬಿಟ್ಟಿದ್ದರೆ ಆ ತಟ್ಟೆ ಅವಳ ಕೈ ತಪ್ಪಿ ಬೇರೆಯವರಿಗೆ ಹೋಗುತ್ತಿತ್ತು. ಅವಳು ಬಿಡಲಿಲ್ಲ.

“ಅವನನ್ನ ಕೊಂದಿದ್ದು ಅದೇ ಕೋಶ, ನಂಗೊತ್ತಿಲ್ವಾ ಸಾರ್? ಬೇರೆಯೋರಿಗೆ ನಾನೇ ಪಾಠ ಮಾಡ್ತೀನಿ. ಆದ್ರೆ ಅವನದು ಅಂತ ಈ ಭೂಮಿ ಮೇಲೆ ಉಸಿರಾಡ್ತಿರೋದು ಅದೊಂದೇ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರಲ್ಲ.”

ಅವಳು ನಗಲು ನೋಡಿದಳು, ಆಗಲಿಲ್ಲ.

“ಊಟ ಹಾಕಿದ್ದು ತಪ್ಪಲ್ಲ ಬಿಡಿ,” ಎಂದ ನಿಧಾನಯ್ಯ. “ದ್ರವ ಯಾಕೆ ಚೆಲ್ಲಿದ್ರಿ?”

“ಊಟ ಹಾಕಿದ್ದೇ ತಪ್ಪು.”

ಆಕೆ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತಳು.

“ದ್ರವ ಶೇಖರಿಸೋ ಮುಂಚೆ ಕೋಶಗಳನ್ನ ಒಂದು ದಿನ ಉಪವಾಸ ಕೆಡವ್ಬೇಕು. ಅವುಗಳ ಊಟದಲ್ಲಿ ಸೀರಮ್ ಇರುತ್ತೆ. ದನದ ರಕ್ತದಿಂದ ತೆಗೆದದ್ದು. ಅದರ ತುಂಬಾ ಬೇರೆ ಪ್ರೋಟೀನುಗಳು. ಅದು ಸೇರ್ಕೊಂಡ್ರೆ ಕೋಶ ಆಡಿದ ಮಾತು ಯಾವ್ದು, ಊಟದ ಗದ್ದಲ ಯಾವ್ದು, ಗೊತ್ತೇ ಆಗಲ್ಲ. ಅದಕ್ಕೆ ತೊಳೆದು ತೊಳೆದು, ಬರೀ ಉಪ್ಪುನೀರಿನಂಥದ್ದು ಕೊಟ್ಟು, ಹಸಿವಲ್ಲಿಡ್ಬೇಕು. ಆಮೇಲೆ ಅವು ಬಿಟ್ಟಿದ್ದೆಲ್ಲ ಅವುಗಳದ್ದೇ.”

“ನೀವು ಇಡ್ಲಿಲ್ಲ.”

“ಕೊನೇಲಿ ನನ್ನ ಮಗನಿಗೆ ಏನೂ ಇಳೀತಿರ್ಲಿಲ್ಲ. ಅಮ್ಮಾ ಹಸಿವು ಅಂತಿದ್ದ. ಒಂದು ಚಮಚ ಬಾಯಿಗಿಟ್ರೆ ವಾಂತಿ. ಹಸ್ಕೊಂಡೇ ಹೋದ ಸಾರ್. ಅವನ ತಟ್ಟೆಗೆ ನನ್ನ ಕೈಯಾರೆ ಉಪವಾಸ ಹಾಕು ಅಂದ್ರೆ ಹೇಗೆ ಹಾಕ್ಲಿ? ಎಲ್ಲರೂ ಹೋದ್ಮೇಲೆ ಒಂದಿಷ್ಟು ಸೀರಮ್ ಹಾಕ್ಬಿಡ್ತಿದ್ದೆ. ಪ್ರತಿ ಸಲ. ಒಂದಿಷ್ಟೇ, ಜೀವ ಹಿಡ್ಕೊಳ್ಳೋಷ್ಟು.”

ನಿಧಾನಯ್ಯನಿಗೆ ಮೊದಲು ಅರ್ಥವಾದದ್ದು ಆಕೆಯ ಸಂಕಟ. ಅದರ ಹಿಂದೆ ನಿಂತಿದ್ದ ಇನ್ನೊಂದು ವಿಷಯ ತಲೆಗೆ ಹೋಗಲು ಕೊಂಚ ಹೊತ್ತು ಹಿಡಿಯಿತು.

“ಹಾಗಾದ್ರೆ ಕಾವಲು ಕಣಗಳು ಓಡಿ ಬಂದಿದ್ದು...”

“ಸೀರಮ್ಮಿಗೆ. ಅದಕ್ಕೆ ಯಾವ ಕಣ ಆದ್ರೂ ಓಡಿ ಬರುತ್ತೆ. ಆ ದ್ರವದಲ್ಲಿ ಹಠಮಾರಿಯಿಂದಲೇ ಬಂದದ್ದು ಅಂತ ಖಚಿತವಾಗಿ ಸಿಕ್ಕಿದ್ದು ಒಂದು ಪ್ರೋಟೀನು. ಕರೆದದ್ದು ಅದೇ ಅಂದ್ಕೊಂಡ್ರು ಡಾಕ್ಟ್ರು. ಅದನ್ನೊಂದೇ ಇಟ್ಟು ನೋಡಿದಾಗ ಕಣಗಳು ಬರ್ಲಿಲ್ಲ. ದೇಹದೊಳಗೆ ಹೋದ್ರೆ ಬಲ ಬರುತ್ತೆ ಅಂದ್ರು. ನಾನೂ ಬಾಯಿ ಮುಚ್ಕೊಂಡೆ.”

“ನಿಜವಾಗಿ ಆ ಪ್ರೋಟೀನು ಏನು ಮಾಡುತ್ತೆ?”

ಅತ್ತೆಮ್ಮ ಅವನ ಮುಖ ನೋಡಲಿಲ್ಲ.

“ನಿಮ್ಮ ಅಕ್ಕನಿಗೆ ಕೊಡ್ತಾರೆ ಅಂತ ಗೊತ್ತಾದ್ಮೇಲೆ ನಿದ್ದೆ ಬರ್ಲಿಲ್ಲ. ಹಠಮಾರಿಯ ಅರ್ಧ ಪಾಲು ಬೇರೆ ತಟ್ಟೆಗೆ ಹಾಕಿ, ಮನಸ್ಸು ಕಲ್ಲು ಮಾಡ್ಕೊಂಡು, ಮೊದಲ ಸಲ ಉಪವಾಸ ಕೆಡವಿದೆ. ಆ ದ್ರವ ತಾಗಿದ್ದೇ ತ‌ಡ ಕಾವಲು ಕಣಗಳು ಇದ್ದಲ್ಲೇ ತೂಕಡಿಸಿಬಿಟ್ವು. ಪಕ್ಕದಲ್ಲೇ ಕ್ಯಾನ್ಸರ್ ಕೋಶ ಇಟ್ರೂ ಮೂಸಿ ನೋಡ್ಲಿಲ್ಲ. ಆಮೇಲೆ ಇಂಜೆಕ್ಷನ್ನಿನ ಪ್ರೋಟೀನು ತಗೊಂಡು ನೋಡ್ದೆ. ಅದೂ ಹಾಗೇ. ಅದು ಕರೆಯೋ ಪ್ರೋಟೀನಲ್ಲ ಸಾರ್. ಮಲಗ್ಸೋದು.”

ಹೊಸಿಲಲ್ಲಿ ನಿಂತು ಯೋಚಿಸುತ್ತಿದ್ದ ಅಕ್ಕನ ಕಾವಲುಗಾರರಿಗೆ ನಾಳೆ ಬೆಳಿಗ್ಗೆ ಸೂಜಿಯಲ್ಲಿ ತುಂಬಿ ಕೊಡಲಿದ್ದದ್ದು ಜೋಗುಳ. ಅದಕ್ಕೆ ನಿಧಾನಯ್ಯನೇ ಸಹಿ ಹಾಕಿ ಬಂದಿದ್ದ.

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ್ದರಿಂದ ಎದುರಿಗಿದ್ದವಳ ಮೇಲೆ ಬಂತು.

“ಅಕ್ಕನ ಪಕ್ಕ ಬಂದು ಕೂತ್ರಲ್ಲ. ಒಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಳಕ್ಕೆ ಅಂತಲೇ ಬಂದಿದ್ದೆ. ಅವರು ಕೂಸಿಗೆ ಹಾಲಾ ಅಂದ್ರು. ನನ್ನ ಬಾಯಿ ಕಟ್ಟಿಹೋಯ್ತು. ಹೇಳಿದ್ರೆ ಹಠಮಾರಿ ಕೆಟ್ಟಿದೆ ಅಂತ ಅವತ್ತೇ ಬ್ಲೀಚ್ ಹಾಕಿ ಚೆಲ್ತಾರೆ. ನಿಯಮ ಅದು, ನಾನೇ ಮಾಡಿದ್ದು. ಮೂಲ ದ್ರವ ಇಲ್ದಿದ್ರೆ ಇಂಜೆಕ್ಷನ್ ಕೊಡೋ ಹಾಗಿಲ್ಲ. ಹೇಗೂ ನಿಲ್ಲುತ್ತೆ, ಎರಡೂ ಉಳಿಯುತ್ತೆ ಅಂದ್ಕೊಂಡೆ. ಉಪವಾಸದ ದ್ರವಾನೂ ಅದರ ಜೊತೆಗೇ ಚೆಲ್ಬಿಟ್ಟೆ. ಯಾರಾದ್ರೂ ನೋಡಿ ಕೇಳಿದ್ರೆ ಏನು ಹೇಳ್ಲಿ ಅಂತ.”

“ನಿಂತಿಲ್ಲ. ನಾಳೆ ಬೆಳಿಗ್ಗೆ ಕೊಡ್ತಾರೆ.”

ಅತ್ತೆಮ್ಮ ಸ್ಟೂಲಿನಿಂದ ಎದ್ದಳು.

“ದ್ರವ ಇಲ್ದೇನಾ? ಹಾಗೆ ಕೊಡೋ ಹಾಗಿಲ್ಲ.”

“ಜವಾಬ್ದಾರಿ ನಂದು ಅಂದ್ರು. ನಾನು ಸಹಿ ಹಾಕಿದೀನಿ.”

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಒಬ್ಬಳು ಮಗನ ಹೊಟ್ಟೆ ತುಂಬಿಸಿ, ಇನ್ನೊಬ್ಬ ಅಕ್ಕನ ಆಸೆಗೆ ಬಿದ್ದು, ಇಬ್ಬರೂ ಸೇರಿ ಒಂದೇ ಬಡಜೀವದ ಕುತ್ತಿಗೆಗೆ ಹಗ್ಗ ಹೊಸೆದಿದ್ದರು. ಬೈಯಲು ಈಗ ನಿಧಾನಯ್ಯನಲ್ಲಿ ಬಾಯಿಯೇ ಉಳಿದಿರಲಿಲ್ಲ.

“ತೋರಿಸೋಕೆ ದಾರಿ ಇದೆಯಾ ಅಮ್ಮಾ?” ಎಂದ. ಮೇಡಂ ಎನ್ನುವುದು ಯಾವಾಗ ಬಿಟ್ಟುಹೋಯಿತೋ ಅವನಿಗೇ ಗೊತ್ತಾಗಲಿಲ್ಲ.

“ಒಂದೇ ದಾರಿ. ಡಾಕ್ಟ್ರ ಕಣ್ಮುಂದೇನೇ ಹಠಮಾರಿಯನ್ನ ತೊಳೆದು ಉಪವಾಸ ಹಾಕ್ಬೇಕು. ನಾಳೆ ಆ ದ್ರವ ಅವರ ಕೈಗೇ ಕೊಡ್ಬೇಕು. ಅಲ್ಲೀತನಕ ಇಂಜೆಕ್ಷನ್ ತಡೀರಿ ಅಂತ ಕಾಲು ಹಿಡ್ಕೊಳ್ಳೋದು.”

“ಅದು ಬದುಕುತ್ತಾ?”

“ಹೋದ ಸಲದ ಅರ್ಧ ಬದುಕ್ಲಿಲ್ಲ.” ಆಕೆ ಕೋಟಿನ ತೋಳಿಗೆ ಕಣ್ಣೊರೆಸಿಕೊಂಡಳು. “ಅದಕ್ಕೆ ಹಸಿವು ಅಂದ್ರೇನು ಅಂತಾನೇ ಗೊತ್ತಿಲ್ಲ. ನಾನು ಗೊತ್ತಾಗಕ್ಕೆ ಬಿಟ್ಟಿಲ್ಲ.”

ಬಾಗಿಲಿನ ಹತ್ತಿರ ಹೋಗಿ ಒಂದು ಗಳಿಗೆ ನಿಂತಳು. ಅವಳು ಹಿಂದಕ್ಕೆ ಸರಿಯುತ್ತಾಳೆ ಎಂದುಕೊಂಡ ನಿಧಾನಯ್ಯ. ಹಾಗೆ ಸರಿದಿದ್ದರೆ ಬೈಯುವ ಮನಸ್ಸೂ ಅವನಿಗೆ ಬರುತ್ತಿರಲಿಲ್ಲ.

“ನಿಮ್ಮ ಅಕ್ಕ ಇದಾರೆ. ಅವನು ಇಲ್ಲ,” ಎಂದಳು ಅತ್ತೆಮ್ಮ. “ಬನ್ನಿ.”

*

ಮೆಟ್ಟಿಲು ಹತ್ತಿ ಓಣಿಗೆ ತಿರುಗುವಾಗಲೇ ಬ್ಲೀಚಿನ ಘಾಟು ಮೂಗಿಗೆ ಹೊಡೆಯಿತು.

ಅತ್ತೆಮ್ಮ ಓಡಿದಳು. ಅಷ್ಟು ವಯಸ್ಸಾದ ಹೆಂಗಸು ಹಾಗೆ ಓಡುವುದನ್ನು ನಿಧಾನಯ್ಯ ನೋಡಿರಲಿಲ್ಲ. ಪ್ರಯೋಗಾಲಯದೊಳಗೆ ದೊಡ್ಡ ಡಾಕ್ಟರು ಸಿಂಕಿನ ಮುಂದೆ ನಿಂತು, ಮೊಣಕೈವರೆಗೆ ತೋಳು ಮಡಿಸಿ, ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಕೆಳಗಿನ ಅಂತಸ್ತಿನ ಮೂಲೆ ಬರಿದಾಗಿತ್ತು.

“ಹಠಮಾರಿ ಎಲ್ಲಿ?”

“ತೆಗೆಸಿದೆ,” ಎಂದರು ಡಾಕ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. “ಯಾರೋ ಗುಟ್ಟಾಗಿ ಕೈ ಹಾಕಿದ ತಟ್ಟೆ. ಇಟ್ಕೊಳ್ಳೋ ಹಾಗಿಲ್ಲ, ನಿಯಮ ನಿಮಗೇ ಗೊತ್ತಲ್ಲ. ಇವರು ಬೆಳಿಗ್ಗೆ ಫೋಟೋ ತೋರ್ಸಿದ್ದು ಒಳ್ಳೇದೇ ಆಯ್ತು.”

ಅತ್ತೆಮ್ಮ ನಿಧಾನಯ್ಯನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅವಳು ಸಿಂಕಿಗೆ ಬರಿಗೈ ಹಾಕಿದಳು. ಬ್ಲೀಚಿನಲ್ಲಿ ಮುಳುಗಿದ್ದ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಗುಲಾಬಿಯೂ ಇಲ್ಲ, ಹಳದಿಯೂ ಇಲ್ಲ, ತಳದಲ್ಲಿ ಏನೂ ಅಂಟಿಕೊಂಡಿರಲಿಲ್ಲ. ಆದರೂ ಅದನ್ನು ಕೆಳಗಿಡದೆ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು, ಸದ್ದಿಲ್ಲದೆ ನೆಲದ ಮೇಲೆ ಕೂತಳು. ಡಾಕ್ಟರು ಅದನ್ನು ನೋಡಿ ಹುಬ್ಬು ಗಂಟಿಕ್ಕಿದರು. ಅದು ಯಾರ ಗಡ್ಡೆಯೆಂದು ಅವರಿಗೆ ನಿಜಕ್ಕೂ ತಿಳಿದಿರಲಿಲ್ಲ.

ನಿಧಾನಯ್ಯ ಎಲ್ಲವನ್ನೂ ಹೇಳಿದ. ಉಪವಾಸ, ಸೀರಮ್, ತೂಕಡಿಸಿದ ಕಾವಲು ಕಣಗಳು. ಹೇಳುತ್ತ ಹೇಳುತ್ತ ತನ್ನ ದನಿ ಬೇಡುವವನ ದನಿಯಾಗುತ್ತಿರುವುದು ಅವನಿಗೆ ಕೇಳಿಸುತ್ತಿತ್ತು. ಡಾಕ್ಟರು ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಕೇಳಿದರು.

“ಆ ದ್ರವ ಇದೆಯಾ, ತೋರಿಸೋಕೆ?”

“ಇಲ್ಲ.”

“ಕೋಶ?”

ಅತ್ತೆಮ್ಮ ಕೋಟಿನೊಳಗಿನ ಬರಿ ತಟ್ಟೆಯನ್ನು ಇನ್ನಷ್ಟು ಒತ್ತಿಕೊಂಡಳು.

“ನೋಡಿ, ಇವರು ಮಗನ್ನ ಕಳ್ಕೊಂಡ್ಮೇಲೆ ಸರಿಯಾಗಿ ನಿದ್ದೆ ಮಾಡಿಲ್ಲ. ನಂಗೊತ್ತು,” ಎಂದರು ಡಾಕ್ಟರು ಮೆಲ್ಲಗೆ. “ದುಃಖದಲ್ಲಿರೋರಿಗೆ ಕಂಡಿದ್ದೆಲ್ಲ ಸಾಕ್ಷಿ ಆಗಲ್ಲ. ಇನ್ನೇನೂ ಮಾಡೋಕಾಗಲ್ಲ ಅಂತ ಎಷ್ಟು ಮನೆಯವರ ಮುಖ ನೋಡಿ ಹೇಳಿದೀನಿ ಗೊತ್ತಾ? ಒಂದು ಔಷಧಿ ಕೈಲಿಟ್ಕೊಂಡು ನಿಮಗೂ ಅದೇ ಮಾತು ಹೇಳಕ್ಕೆ ನನ್ನ ಕೈಲಾಗಲ್ಲ.”

“ನನ್ನ ಸಹಿ ವಾಪಸ್ ತಗೋತೀನಿ. ನಾಳೆ ಬೆಳಿಗ್ಗೆವರೆಗೂ ಟೈಮ್ ಇದೆ.”

ಡಾಕ್ಟರು ಅವನನ್ನು ನೋಡುವುದು ಬಿಟ್ಟು ಕಿಟಕಿಯಾಚೆ, ಅಂಗಳದ ಆ ಬದಿಯಲ್ಲಿದ್ದ ವಾರ್ಡುಗಳ ಕಟ್ಟಡದ ಕಡೆ ನೋಡಿದರು. ಒರೆಸಿಕೊಂಡ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡರು.

ನಿಧಾನಯ್ಯನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ.

“ಏನೋ, ನಾಳೆ ಅಂದಿದ್ಯಲ್ಲೋ,” ಎಂದಿತು ಅವಳ ದಣಿದ ದನಿ, ನಗುತ್ತಲೇ. “ನರ್ಸು ಈಗ್ಲೇ ಟ್ರೇ ಹಿಡ್ಕೊಂಡು ಬಂದು ನಿಂತಿದಾಳೆ. ನಿಮ್ಮ ತಮ್ಮ ಸಹಿ ಹಾಕಿದಾರೆ, ಡಾಕ್ಟ್ರು ಇವತ್ತೇ ಕೊಡಿ ಅಂದ್ರು ಅಂತಾಳೆ. ನೀನು ನೋಡಿ ಒಪ್ಪಿದೀಯಲ್ಲ, ಇನ್ನು ನಂಗೇನೋ ಭಯ? ಬಾ ಬೇಗ, ಕೈ ಹಿಡ್ಕೊಳ್ಳಕ್ಕೆ ಒಬ್ರು ಬೇಕು.”

“ಅಕ್ಕಾ, ಬೇಡ. ಬೇಡ ಅನ್ನು. ಫೋನ್ ಅವರಿಗೆ ಕೊಡು.”

ಆದರೆ ಅಕ್ಕ ಅಷ್ಟರಲ್ಲಿ ಫೋನನ್ನು ಹಾಸಿಗೆಯ ಮೇಲೆ ಇಟ್ಟಾಗಿತ್ತು. ಹೊದಿಕೆ ಸರಿದ ಸದ್ದು ಕೇಳಿತು. ಆಮೇಲೆ, ದೂರದಿಂದ ಬಂದಂತೆ, ಎಳೆಯ ನರ್ಸೊಬ್ಬಳ ಪ್ರೀತಿಯ ದನಿ.

“ಸ್ವಲ್ಪ ಉರಿಯುತ್ತೆ ಅಜ್ಜಿ. ಕಣ್ಮುಚ್ಕೊಳ್ಳಿ.”